ದಾನಚಿಂತಾಮಣಿ ಅತ್ತಿಮಬ್ಬೆ: ಬಾಳಿನ ಸಾಫಲ್ಯ

ಸಾಫಲ್ಯವೆಂಬ ಮಾತನ್ನು ಮೂವತ್ತಕ್ಕೂ ಮಿಕ್ಕ ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ನಾನು ಎಷ್ಟು ಸಲ ಉಚ್ಚರಿಸಿದೆನೆಂಬುದಕ್ಕೆ ಲೆಕ್ಕವಿಲ್ಲ. ಫಲಿತಾಂಶ ಬಂದ ದಿನ ಮೊದಲ ದರ್ಜೆಯವರನ್ನು ಮುಂದೆ ಕರೆದು ನಿಲ್ಲಿಸುವುದು, ದೊಡ್ಡ ನೌಕರಿ ಹಿಡಿದ ಹಳೆಯ ವಿದ್ಯಾರ್ಥಿಯನ್ನು ಕರೆಸಿ ಮಾಲೆ ಹಾಕುವುದು, ಇವೆಲ್ಲ ನನ್ನ ಕೈಯಿಂದಲೇ ನಡೆದವು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿವೃತ್ತಿಯ ನಂತರ, ಬಿಡುವಿನಲ್ಲಿ ಶ್ರಾವಕಾಚಾರವನ್ನೂ ನಮ್ಮ ಪ್ರಾಂತದ ಶಾಸನಗಳನ್ನೂ ಮತ್ತೆ ತಿರುವಿಹಾಕುತ್ತ ಕುಳಿತಾಗ, ಆ ಮಾತಿನ ಅಳತೆಗೋಲನ್ನೇ ನಾನು ಸರಿಯಾಗಿ ಹಿಡಿದಿರಲಿಲ್ಲವೇನೋ ಎಂಬ ಶಂಕೆ ಮೂಡಿತು. ಆ ಶಂಕೆಯನ್ನು ಮೂಡಿಸಿದವಳು ಸಾವಿರ ವರ್ಷಗಳ ಹಿಂದೆ ಬಾಳಿದ ಒಬ್ಬ ಶ್ರಾವಿಕೆ. ಅವಳು ಕಟ್ಟಿಸಿದ ಬಸದಿ ಹುಬ್ಬಳ್ಳಿಯಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದಷ್ಟು ಸಮೀಪದಲ್ಲಿ, ಗದಗಿನ ಆಚೆಯ ಲಕ್ಕುಂಡಿಯಲ್ಲಿದೆ. 1997ರಲ್ಲಿ ಗದಗು ಬೇರೆ ಜಿಲ್ಲೆಯಾಗುವವರೆಗೆ ಲಕ್ಕುಂಡಿ ನಮ್ಮ ಧಾರವಾಡ ಜಿಲ್ಲೆಯದೇ ಆಗಿತ್ತು. ಆದುದರಿಂದ ಅತ್ತಿಮಬ್ಬೆಯನ್ನು ನಮ್ಮವಳೆಂದು ಹೇಳಿಕೊಳ್ಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಅವಳ ಪೂರ್ವಿಕರು ವೆಂಗಿ ಮಂಡಲದ ಪುಂಗನೂರಿನವರು. ಅಜ್ಜನಾದ ನಾಗಮಯ್ಯನು ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಜಿನಧರ್ಮವನ್ನು ನಂಬಿ ನಡೆದವನು. ಅವನ ಮಕ್ಕಳು ಮಲ್ಲಪಯ್ಯ ಮತ್ತು ಪುನ್ನಮಯ್ಯ. ಈ ಅಣ್ಣತಮ್ಮಂದಿರು ಕತ್ತಿಯನ್ನೂ ಹಿಡಿದರು, ಕಾವ್ಯಕ್ಕೂ ಆಶ್ರಯವಿತ್ತರು. ತಮ್ಮ ಗುರುಗಳಾದ ಜಿನಚಂದ್ರದೇವರ ಪರೋಕ್ಷ ವಿನಯಕ್ಕಾಗಿ, ಅಂದರೆ ಅಗಲಿದ ಗುರುವಿನ ಸ್ಮರಣೆಗೆ ಸಲ್ಲಿಸುವ ಗೌರವವಾಗಿ, ಉಭಯಕವಿಚಕ್ರವರ್ತಿಯೆಂದು ಹೆಸರಾದ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಇವರೇ. ಪುನ್ನಮಯ್ಯನು ಮುಂದೆ ಯುದ್ಧದಲ್ಲಿ ಮಡಿದನು. ಮಲ್ಲಪಯ್ಯ ಮತ್ತು ಅಬ್ಬಕಬ್ಬೆಯರ ಮಕ್ಕಳಲ್ಲಿ ಅತ್ತಿಮಬ್ಬೆ, ಗುಂಡಮಬ್ಬೆ ಎಂಬ ಇಬ್ಬರು ಹೆಣ್ಣುಮಕ್ಕಳು. ಅವರು ಬೆಳೆದದ್ದು ಇಂತಹ ಮನೆಯಲ್ಲಿ. ಪುರಾಣವು ಓಲೆಗರಿಯ ಕಟ್ಟಾಗಿ ದೇವರ ಗೂಡಿನಲ್ಲಿ ಸುಮ್ಮನೆ ಕುಳಿತಿರದೆ ದಿನನಿತ್ಯ ಕಿವಿಗೆ ಬೀಳುತ್ತಿದ್ದ ಮನೆ ಅದಾಗಿದ್ದಿರಬೇಕು.

973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿ ರಾಜ್ಯವನ್ನು ಕೈಗೊಂಡನು. ಅವನ ಆಪ್ತರಲ್ಲಿ ಒಬ್ಬನಾಗಿದ್ದ ಧಲ್ಲಪನ ಮಗ ನಾಗದೇವ. ಆ ಕಾಲದ ಪದ್ಧತಿಯಂತೆ ಅಕ್ಕತಂಗಿಯರಿಬ್ಬರನ್ನೂ ಅವನಿಗೇ ಕೊಟ್ಟು ಮದುವೆ ಮಾಡಿದರು. ತವರಿನಲ್ಲಿ ದಂಡನಾಯಕರು, ಗಂಡನ ಮನೆಯಲ್ಲಿಯೂ ದಂಡನಾಯಕರು, ಮೇಲೆ ಅರಸನ ಕೃಪೆ. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನೂ ಹುಟ್ಟಿದನು. ಲೋಕದ ಲೆಕ್ಕದಲ್ಲಿ ಹೆಣ್ಣಿನ ಬಾಳು ಇಲ್ಲಿಗೆ ಪೂರ್ಣವಾಯಿತು. ಪತಿ, ಪುತ್ರ, ಸಂಪತ್ತು, ಗೌರವ, ಒಂದೂ ಕಡಿಮೆಯಿಲ್ಲ. ನಮ್ಮ ವಧೂವರ ಮೇಳಾವಗಳ ಪಟ್ಟಿಯಲ್ಲಿ ಇಂದಿಗೂ ಇದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳುವುದಿಲ್ಲ. ಅತ್ತಿಮಬ್ಬೆಯ ಚರಿತ್ರೆ ಇಲ್ಲಿಗೇ ನಿಂತಿದ್ದರೆ ಅವಳ ಹೆಸರು ಒಂದು ವಂಶಾವಳಿಯ ಮೂಲೆಯಲ್ಲಿ ಉಳಿಯುತ್ತಿತ್ತು, ಅಷ್ಟೇ.

ನಾಗದೇವನು ಅಕಾಲದಲ್ಲಿ ಮೃತನಾದನು. ರಣರಂಗದಲ್ಲಿ ಮಡಿದನೆಂದು ಹೇಳುವರು. ಗುಂಡಮಬ್ಬೆಯು ಪತಿಯ ಚಿತೆಯನ್ನೇರಿ ಸಹಗಮನ ಮಾಡಿದಳು. ಹಿರಿಯಳಾದ ಅತ್ತಿಮಬ್ಬೆ ಉಳಿದುಕೊಂಡಳು.

ಓದುಗರು ಈ ಸ್ಥಳದಲ್ಲಿ ಸ್ವಲ್ಪ ನಿಲ್ಲಬೇಕೆಂದು ನನ್ನ ಪ್ರಾರ್ಥನೆ. ದಂಡನಾಯಕರ ಮನೆತನಗಳಲ್ಲಿ ಸಹಗಮನವು ಆಗ ದೊಡ್ಡ ಕೀರ್ತಿಯ ವಿಷಯವಾಗಿತ್ತು. ಚಿತೆಯನ್ನೇರಿದವಳಿಗೆ ಮಾಸತಿಕಲ್ಲು ನಿಲ್ಲುತ್ತಿತ್ತು, ಪೂಜೆ ಸಲ್ಲುತ್ತಿತ್ತು. ಉಳಿದವಳಿಗೆ ಏನು ಸಲ್ಲುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ತಂಗಿ ಹೋದಳು, ಅಕ್ಕ ಉಳಿದಳು ಎಂಬ ಮಾತು ಎಷ್ಟು ಹರಿತವಾದುದೆಂಬುದನ್ನು ಒಂದೇ ಅಂಗಳದಲ್ಲಿ ಬಾಳಿದ ಹೆಣ್ಣುಮಕ್ಕಳು ಬಲ್ಲರು. ಗುಂಡಮಬ್ಬೆಯ ಪತಿಪ್ರೇಮವನ್ನು ತೂಗಿ ನೋಡಲು ನಾವಾರೂ ಅರ್ಹರಲ್ಲ. ಆದರೆ ಆಗಮದ ನಿಲುವು ಸ್ಪಷ್ಟವಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಗಳನ್ನು ಎಣಿಸುವಾಗ, ಪುಣ್ಯ ಬರುವುದೆಂದು ಬೆಟ್ಟದಿಂದ ಬೀಳುವುದರ ಜೊತೆಗೆ ಬೆಂಕಿಯಲ್ಲಿ ಬೀಳುವುದನ್ನೂ ಸೇರಿಸಿದ್ದಾರೆ. ಸಲ್ಲೇಖನೆಗೂ ಅದಕ್ಕೂ ಅಜಗಜಾಂತರ. ತಪ್ಪಿಸಿಕೊಳ್ಳಲಾಗದ ಉಪಸರ್ಗ, ದುರ್ಭಿಕ್ಷ, ಮುಪ್ಪು, ಪರಿಹಾರವಿಲ್ಲದ ರೋಗ ಇವು ಒದಗಿದಾಗ ಧರ್ಮಕ್ಕಾಗಿ ಕಷಾಯಗಳನ್ನು ಶಮನಗೊಳಿಸುತ್ತ ದೇಹವನ್ನು ಬಿಡುವುದು ಸಲ್ಲೇಖನೆ. ಎಳೆಯ ವಯಸ್ಸಿನ ವಿಧವೆಯ ಶೋಕವು ಈ ನಾಲ್ಕರಲ್ಲಿ ಯಾವುದೂ ಅಲ್ಲ. ಅತ್ತಿಮಬ್ಬೆಗೆ ಇದು ತಿಳಿದಿತ್ತು. ಮಗನನ್ನು ಸಾಕಬೇಕೆಂಬುದು ಒಂದು ಕಾರಣವಾಗಿದ್ದಿರಬಹುದು, ಹಾಗೆಂದು ಹೇಳುವವರೂ ಇದ್ದಾರೆ. ಆದರೆ ಮುಂದೆ ಅವಳು ನಡೆದ ರೀತಿಯನ್ನು ನೋಡಿದರೆ, ಮಗನಷ್ಟೇ ಕಾರಣವಲ್ಲ, ಸಿದ್ಧಾಂತದ ತಿಳಿವೂ ಕಾರಣವೆಂದು ನನಗೆ ತೋರುತ್ತದೆ.

ಇಲ್ಲಿ ಮನೆಯ ಮಾತೊಂದನ್ನು ಹೇಳಿಕೊಳ್ಳಲು ಅಪ್ಪಣೆಯಿರಲಿ. ನನ್ನ ಸೋದರತ್ತೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಮರಳಿದಳು. ಅವಳ ಬಾಳು ಮುಗಿಯಿತೆಂದು ಓಣಿಯವರು ಆಡಿಕೊಳ್ಳುತ್ತಿದ್ದುದನ್ನು ಬಾಲಕನಾದ ನಾನು ಕೇಳಿದ್ದೆ, ನಂಬಿಯೂ ಇದ್ದೆ. ಹಿಂದಿನ ಕೋಣೆಯಲ್ಲಿ ಕುಳಿತು ಬಸದಿಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಅಷ್ಟಮಿ ಚತುರ್ದಶಿಗಳಂದು ಅವಳು ಉಪವಾಸವಿರುವಳೆಂಬುದು ಮನೆಯವರಿಗೆ ಒಂದು ತಟ್ಟೆ ಕಡಿಮೆಯಾದಾಗಲಷ್ಟೇ ಗೊತ್ತಾಗುತ್ತಿತ್ತು. ನನಗೆ ಅಕ್ಷರ ಕಲಿಸಿದವಳು ಅವಳು, ಓಣಿಯ ಹತ್ತಾರು ಹುಡುಗಿಯರಿಗೆ ಭಕ್ತಾಮರ ಕಲಿಸಿದವಳೂ ಅವಳೇ. ಯಶಸ್ವಿಗಳ ವಿಷಯವಾಗಿ ಶಾಲೆಯಲ್ಲಿ ನಾನು ಮಾಡಿದ ಭಾಷಣಗಳಲ್ಲಿ ಒಂದು ಸಲವೂ ಅವಳ ನೆನಪು ನನಗೆ ಬರಲಿಲ್ಲ. ಅತ್ತಿಮಬ್ಬೆಯ ಚರಿತ್ರೆಯನ್ನು ಓದುವಾಗ ಮಾತ್ರ ಆ ಹಿಂದಿನ ಕೋಣೆ ಕಣ್ಣಮುಂದೆ ನಿಲ್ಲುತ್ತದೆ.

ಪತಿಯ ಮರಣಾನಂತರ ಅತ್ತಿಮಬ್ಬೆಯು ವ್ರತ ಉಪವಾಸಗಳಿಂದ ದೇಹವನ್ನು ಕೃಶಗೊಳಿಸಿಕೊಂಡಳೆಂಬುದು ರನ್ನನ ಅಜಿತಪುರಾಣದಿಂದ ತಿಳಿಯುತ್ತದೆ. ತಂಗಿಯ ಬೆಂಕಿ ಒಂದು ಗಳಿಗೆಯದು, ಅಕ್ಕನ ಬೆಂಕಿ ಆಯುಷ್ಯವಿಡೀ ಉರಿಯಿತು. ಪ್ರೋಷಧೋಪವಾಸದ ಲಕ್ಷಣವನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲವಾದರೂ, ಕಿರಿಯರಿಗಾಗಿ ಎರಡು ಮಾತು. ಅಶನ, ಪಾನ, ಖಾದ್ಯ, ಲೇಹ್ಯವೆಂಬ ನಾಲ್ಕು ಬಗೆಯ ಆಹಾರವನ್ನೂ ತ್ಯಜಿಸುವುದು ಉಪವಾಸ. ಒಂದೇ ಹೊತ್ತು ಉಣ್ಣುವುದು ಪ್ರೋಷಧ. ಹಿಂದಿನ ದಿನ ಒಂದೂಟ, ಪರ್ವದ ದಿನ ಪೂರ್ಣ ಉಪವಾಸ, ಮರುದಿನ ಮತ್ತೆ ಒಂದೂಟ, ಹೀಗೆ ಇವೆರಡೂ ಕೂಡಿದಾಗ ಪ್ರೋಷಧೋಪವಾಸ. ಆ ದಿನ ಅಲಂಕಾರ, ಗಂಧಪುಷ್ಪ, ವ್ಯಾಪಾರಾದಿ ಆರಂಭಗಳನ್ನೂ ಬಿಟ್ಟು ಧರ್ಮಶ್ರವಣದಲ್ಲಿ ಕಾಲ ಕಳೆಯಬೇಕು. ಹೊಟ್ಟೆ ಮಾತ್ರ ಬರಿದಾಗಿ ಮನಸ್ಸು ಲೆಕ್ಕದ ಪುಸ್ತಕದಲ್ಲಿದ್ದರೆ ಅದು ಲಂಘನವಾಗುತ್ತದೆಯೇ ಹೊರತು ವ್ರತವಾಗುವುದಿಲ್ಲ. ದಶಲಕ್ಷಣ ಪರ್ವ ಮುಗಿದ ಮೇಲೆ ಉಪವಾಸ ಮಾಡಿದವರ ಹೆಸರುಗಳನ್ನು ದಿನಗಳ ಎಣಿಕೆಯೊಡನೆ ಓದಿ ಸನ್ಮಾನಿಸುವ ರೂಢಿ ಇತ್ತೀಚೆಗೆ ಬೆಳೆದಿದೆ. ಅದರಿಂದ ಕಿರಿಯರಿಗೆ ಉತ್ಸಾಹ ಬರುವುದು ನಿಜ. ಆದರೂ ಎಂಟು ದಿನದವನಿಗಿಂತ ಹತ್ತು ದಿನದವನು ಮೇಲೆಂಬ ಭಾವ ಹುಡುಗರಲ್ಲಿ ಮೂಡುವುದನ್ನು ಕಂಡಾಗ, ನನ್ನ ಹಳೆಯ ಫಲಿತಾಂಶದ ದಿನಗಳೇ ಬಸದಿಯ ಅಂಗಳಕ್ಕೆ ಬಂದುಬಿಟ್ಟವೇನೋ ಎನಿಸುತ್ತದೆ.

ಅತ್ತಿಮಬ್ಬೆಯು ಆರ್ಯಿಕೆಯಾಗಿ ದೀಕ್ಷೆ ಪಡೆಯದೆ ಶ್ರಾವಿಕೆಯಾಗಿಯೇ ಉಳಿದುದು ಗಮನಿಸತಕ್ಕ ಸಂಗತಿ. ದೀಕ್ಷೆ ದೊಡ್ಡದು, ಸಂದೇಹವಿಲ್ಲ. ಆದರೆ ದೀಕ್ಷೆ ಪಡೆದವರ ಕೈಯಲ್ಲಿ ಕೊಡುವುದಕ್ಕೆ ಒಡವೆಯಿರುವುದಿಲ್ಲ. ಇವಳ ಕೈಗೆ ಬಂದ ಸಂಪತ್ತು ಎರಡು ದಂಡನಾಯಕ ಕುಲಗಳದು. ಅದನ್ನು ಬಿಟ್ಟು ನಡೆದಿದ್ದರೆ ಅದು ಯಾರಾರ ಪಾಲಾಗುತ್ತಿತ್ತೋ. ಇವಳು ತನ್ನ ದೇಹಕ್ಕೆ ಪರಿಮಿತಿಯನ್ನು ಹಾಕಿಕೊಂಡಳು, ಕೊಡುವ ಕೈಗೆ ಹಾಕಲಿಲ್ಲ. ಪರಿಗ್ರಹ ಪರಿಮಾಣ ವ್ರತವೂ ಚತುರ್ವಿಧ ದಾನವೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಒಂದರಲ್ಲಿ ಇಳಿದಷ್ಟು ಇನ್ನೊಂದರಲ್ಲಿ ಏರಬೇಕು. ಉಪವಾಸದಿಂದ ಉಳಿದ ಅಕ್ಕಿ ಕಣಜದಲ್ಲಿಯೇ ಉಳಿದರೆ ಅದು ಮಿತವ್ಯಯ ಮಾತ್ರ.

ಅವಳ ದಾನಗಳಲ್ಲಿ ನನ್ನಂಥ ಅಧ್ಯಾಪಕನಿಗೆ ಅತ್ಯಂತ ಹಿರಿದಾಗಿ ಕಾಣುವುದು ಶಾಸ್ತ್ರದಾನ. ತಂದೆ ಚಿಕ್ಕಪ್ಪಂದಿರು ಬರೆಯಿಸಿದ್ದ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಅವಳು ಹಂಚಿದಳು. ಮುದ್ರಣದ ಕಾಲದಲ್ಲಿರುವ ನಮಗೆ ಸಾವಿರವೆಂಬುದು ಒಂದು ಸಾಧಾರಣ ಆವೃತ್ತಿಯ ಸಂಖ್ಯೆ. ಅಂದಿನ ಕೆಲಸವನ್ನು ಊಹಿಸಿಕೊಳ್ಳಬೇಕು. ತಾಳೆಗರಿಗಳನ್ನು ಕೊಯ್ದು, ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು, ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯಬೇಕು. ಮೇಲೆ ಮಸಿ ಲೇಪಿಸಿ ಒರೆಸಿದಾಗ ಗೀರುಗಳಲ್ಲಿ ನಿಂತ ಮಸಿಯಿಂದ ಬರಹ ಎದ್ದು ಕಾಣುತ್ತದೆ. ಕೈ ತಪ್ಪಿ ಗರಿ ಸೀಳಿದರೆ ಆ ಗರಿಯನ್ನು ಮೊದಲಿನಿಂದ ಬರೆಯಬೇಕು. ಒಬ್ಬ ಲಿಪಿಕಾರನು ತಿಂಗಳಿಗೆ ಒಂದು ಪ್ರತಿಯನ್ನು ಮುಗಿಸಿದನೆಂದು ಊಹೆಗಾಗಿ ಇಟ್ಟುಕೊಂಡರೆ ಸಾವಿರ ಪ್ರತಿಗಳಿಗೆ 83 ವರ್ಷಗಳು ಬೇಕು. ಇಪ್ಪತ್ತು ಜನ ಕೂಡಿ ಕುಳಿತರೂ ನಾಲ್ಕು ವರ್ಷಗಳ ಮೇಲಾಗುತ್ತದೆ. ಇದು ನನ್ನ ಲೆಕ್ಕ, ಶಾಸನದ್ದಲ್ಲ. ಆದರೆ ಇದೊಂದು ದಿನದ ಉತ್ಸಾಹದಲ್ಲಿ ಆಗುವ ಕೆಲಸವಲ್ಲವೆಂಬುದಂತೂ ನಿಶ್ಚಯ. ಅಷ್ಟು ಜನರಿಗೆ ಅನ್ನವನ್ನೂ ಕೂಲಿಯನ್ನೂ ವರ್ಷಗಟ್ಟಲೆ ಒದಗಿಸುತ್ತ, ತಾನು ಒಪ್ಪೊತ್ತಿನಲ್ಲಿದ್ದ ಆ ಗೃಹಿಣಿಯನ್ನು ನೆನೆಯಿರಿ. ಗ್ರಂಥವೊಂದು ಕಾಲನ ಬಾಯಿಗೆ ಬೀಳದಂತೆ ಕಾಯುವುದಕ್ಕೆ ಅಂದು ಇದ್ದ ಉಪಾಯ ಒಂದೇ, ಪ್ರತಿಗಳನ್ನು ಹೆಚ್ಚಿಸಿ ಊರೂರಿಗೆ ಹರಡುವುದು. ಅದನ್ನು ಅರಿತು ಮಾಡಿದವಳು ಈಕೆ.

ಇದರೊಡನೆ 1500 ಜಿನಪ್ರತಿಮೆಗಳನ್ನು ಬಂಗಾರ ರತ್ನಗಳಿಂದ ಮಾಡಿಸಿ ಕೊಟ್ಟಳೆಂದೂ, ಒಂದೊಂದಕ್ಕೂ ಗಂಟೆ ದೀಪಗಳನ್ನು ಕೂಡಿಸಿ ಕೊಟ್ಟಳೆಂದೂ ರನ್ನನು ಹೇಳಿದ್ದಾನೆ. ದಾನಚಿಂತಾಮಣಿಯೆಂಬ ಬಿರುದು ಅವಳಿಗೆ ಸಂದುದು ಸಹಜವೇ.

ರನ್ನನ ಮಾತು ಬಂದುದರಿಂದ ಅವನ ವಿಷಯವನ್ನೂ ಹೇಳಬೇಕು. ಮುದುವೊಳಲು, ಅಂದರೆ ಈಗಿನ ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ಹುಡುಗ, ವಿದ್ಯೆಯನ್ನರಸಿ ದೂರ ನಡೆದು, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದು, ಕೊನೆಗೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದನು. ಶಾಲೆಯ ಅಳತೆಗೋಲಿನಿಂದ ನೋಡಿದರೂ ಅವನದು ದೊಡ್ಡ ಯಶಸ್ಸು. ಅತ್ತಿಮಬ್ಬೆಯ ಪ್ರೇರಣೆಯಿಂದ ಅವನು 993ರಲ್ಲಿ ಎರಡನೆಯ ತೀರ್ಥಂಕರರ ಚರಿತ್ರೆಯಾದ ಅಜಿತಪುರಾಣವನ್ನು ರಚಿಸಿದನು. ಇದೇ ಕವಿ ಗದಾಯುದ್ಧದಲ್ಲಿ ಚಾಲುಕ್ಯ ಸತ್ಯಾಶ್ರಯನನ್ನು ಕೊಂಡಾಡುವಾಗ ಅವನನ್ನು ಭೀಮನೊಡನೆ ಸಮೀಕರಿಸಿದನು. ಅರಸನ ಕೀರ್ತಿಗೆ ಪುರಾಣದ ವೀರನೊಬ್ಬನ ಆಸರೆ ಬೇಕಾಯಿತು. ಅತ್ತಿಮಬ್ಬೆಯ ವಿಷಯದಲ್ಲಿ ಅಂತಹ ಆಸರೆ ಬೇಕಾಗಲಿಲ್ಲ. ಅವಳ ವಂಶ, ಅವಳ ದುಃಖ, ಅವಳ ವ್ರತ, ಅವಳ ದಾನ ಇವುಗಳನ್ನು ಅವಳ ಹೆಸರಿನಲ್ಲಿಯೇ ಹೇಳಿದನು. ಈ ಅಂತರವನ್ನು ವಿದ್ವಾಂಸರು ಎಷ್ಟು ಗಮನಿಸಿದ್ದಾರೋ ಕಾಣೆ, ನನಗಂತೂ ಇದು ಬಹಳ ಮುಖ್ಯವೆನಿಸುತ್ತದೆ.

ಲಕ್ಕುಂಡಿಯ, ಅಂದರೆ ಅಂದಿನ ಲೊಕ್ಕಿಗುಂಡಿಯ ಬಸದಿ ಸಿದ್ಧವಾದುದು ಶಕ 929ರಲ್ಲಿ, ಕ್ರಿ.ಶ. 1007ರಲ್ಲಿ. ಅಜಿತಪುರಾಣದಲ್ಲಿಯೇ ನಾಗದೇವನ ಮರಣದ ಪ್ರಸ್ತಾಪವಿರುವುದರಿಂದ, ಅವನು ಹೋಗಿ ಕಡಿಮೆಯೆಂದರೂ ಹದಿನಾಲ್ಕು ವರ್ಷಗಳಾದ ಮೇಲಿನ ಮಾತಿದು. ಅಂದರೆ ಅತ್ತಿಮಬ್ಬೆಯನ್ನು ಲೋಕವು ನೆನೆಯುವುದಕ್ಕೆ ಕಾರಣವಾದ ಈ ದೊಡ್ಡ ಕಾರ್ಯವು, ಅವಳ ಬಾಳು ಮುಗಿಯಿತೆಂದು ಜನ ಹೇಳಿರಬಹುದಾದ ದಿನದಿಂದ ಈಚೆಗೆ ನಡೆದುದು. ಮಗ ಅಣ್ಣಿಗದೇವನು ಪಡೆವಳ ತೈಲನೆಂಬ ಹೆಸರಿನಿಂದ ಮಾಸವಾಡಿ ನಾಡನ್ನು ಆಳುತ್ತಿದ್ದನು. ಸತ್ಯಾಶ್ರಯ ಇರಿವಬೆಡಂಗನು ಬಸದಿಗೆ ಬಂಗಾರದ ಕಳಶವನ್ನು ಕೊಟ್ಟನು.

ಆ ವರ್ಷವು ನಾಡಿಗೆ ಶಾಂತಿಯ ವರ್ಷವಾಗಿರಲಿಲ್ಲ. ಹಳೆಯ ಧಾರವಾಡ ಜಿಲ್ಲೆಯ ಹೊಟ್ಟೂರಿನಲ್ಲಿ ಇದೇ ಶಕ 929ರ ಇನ್ನೊಂದು ಶಾಸನವಿದೆ. ಚೋಳರು ಒಂಬತ್ತು ಲಕ್ಷ ಸೈನ್ಯದೊಡನೆ ದೋಣೂರಿನವರೆಗೆ ನುಗ್ಗಿ, ನಾಡನ್ನು ಸೂರೆಮಾಡಿ, ಹೆಂಗಸರು ಮಕ್ಕಳೆನ್ನದೆ ಕೊಂದರೆಂದೂ, ಸತ್ಯಾಶ್ರಯನು ಅವರನ್ನು ಹಿಮ್ಮೆಟ್ಟಿಸಿದನೆಂದೂ ಅದು ಹೇಳುತ್ತದೆ. ಸಂಖ್ಯೆಯಲ್ಲಿ ಅತಿಶಯೋಕ್ತಿಯಿರಬಹುದು, ಸಂಕಟದಲ್ಲಿ ಇರಲಾರದು. ಒಂದೇ ವರ್ಷದಲ್ಲಿ, ಒಂದೇ ಅರಸನ ರಾಜ್ಯದಲ್ಲಿ, ನೆರೆಯ ನಾಡುಗಳಲ್ಲಿ ನಿಂತ ಎರಡು ಕಲ್ಲುಗಳಿವು. ಒಂದರ ಮೇಲೆ ಕೊಂದವರ, ಗೆದ್ದವರ ಸಮಾಚಾರ. ಇನ್ನೊಂದರ ಮೇಲೆ ಉಪವಾಸದಿಂದ ಸೊರಗಿದ ಒಬ್ಬ ವಿಧವೆಯ ದಾನದ ಸಮಾಚಾರ. ವಿದ್ಯಾರ್ಥಿಗಳಿಗೆ ಇತಿಹಾಸ ಕಲಿಸುವಾಗ ನಾವು ಮೊದಲಿನದನ್ನು ತಪ್ಪದೆ ಬಾಯಿಪಾಠ ಮಾಡಿಸುತ್ತೇವೆ.

ಅತ್ತಿಮಬ್ಬೆಯ ವ್ರತದ ಮಹಿಮೆಗಳನ್ನು ಲಕ್ಕುಂಡಿಯ ಶಾಸನವೂ ಕೀರ್ತಿಸಿದೆ. ಗೋದಾವರಿಯ ಪ್ರವಾಹ ಅವಳಿಗಾಗಿ ತಡೆದು ನಿಂತಿತು, ಮದ್ದಾನೆ ಅವಳ ಮುಂದೆ ಶಾಂತವಾಯಿತು, ಹಬ್ಬಿದ ಬೆಂಕಿ ಗಂಧೋದಕದಿಂದ ಆರಿತು ಎಂಬಂತಹ ಮಾತುಗಳವು. ಇವು ನಿಜವೇ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ನದಿ ನಿಂತುದನ್ನು ನಾನು ಸಾಧಿಸಿ ತೋರಿಸಲಾರೆನೆಂದೂ, ಅವಳು ನಿಂತುದನ್ನು ತೋರಿಸಬಲ್ಲೆನೆಂದೂ ಹೇಳುತ್ತಿದ್ದೆ. ಈ ಮಹಿಮೆಗಳಲ್ಲಿ ಎರಡು ಉಪವಾಸಕ್ಕೆ ಸಂಬಂಧಿಸಿದವು. ನರ್ಮದೆಯಲ್ಲಿ ಜಿನಪ್ರತಿಮೆಯೊಂದು ಬಿದ್ದುಹೋದಾಗ, ಅದು ದೊರೆಯುವವರೆಗೆ ಆಹಾರವನ್ನು ಮುಟ್ಟುವುದಿಲ್ಲವೆಂದು ನಿಯಮ ಹಿಡಿದಳು, ಪ್ರತಿಮೆ ಮರಳಿ ಸಿಕ್ಕಿತು ಎಂಬುದೊಂದು. 981ರಲ್ಲಿ ಚಾವುಂಡರಾಯನು ಪ್ರತಿಷ್ಠಾಪಿಸಿದ ಗೊಮ್ಮಟಸ್ವಾಮಿಯ ದರ್ಶನವಾಗುವವರೆಗೆ ಅನ್ನವನ್ನು ತ್ಯಜಿಸಿ ಬೆಳಗೊಳದ ಬೆಟ್ಟವನ್ನೇರಿದಳು, ಬಳಲಿದವಳ ಮೇಲೆ ಅಕಾಲದಲ್ಲಿ ತಂಪಾದ ಮಳೆ ಸುರಿಯಿತು ಎಂಬುದು ಇನ್ನೊಂದು. ನಮ್ಮ ಮನೆಗಳ ಹಿರಿಯ ಹೆಂಗಸರು ಈ ಎರಡನೆಯ ಕಥೆಯನ್ನು ಹೇಳುವಾಗ ಮಳೆಯನ್ನು ಬಹಳ ವರ್ಣಿಸುತ್ತಾರೆ. ಆ ಏರುಬಂಡೆಯ ಮೇಲೆ ಬಿಸಿಲಿನಲ್ಲಿ, ಬರಿಯ ಹೊಟ್ಟೆಯಲ್ಲಿ, ಮೇಲಿನ ಮೂರ್ತಿಯ ಮುಖ ಇನ್ನೂ ಕಾಣದಿರುವಾಗ ಇಟ್ಟ ಒಂದೊಂದು ಹೆಜ್ಜೆಯನ್ನು ಯಾರೂ ವರ್ಣಿಸುವುದಿಲ್ಲ. ಮಳೆ ಬಾರದಿದ್ದರೂ ಅವಳು ಹತ್ತುತ್ತಿದ್ದಳೆಂಬುದರಲ್ಲಿ ನನಗೆ ಸಂಶಯವಿಲ್ಲ.

ಇಂದು ಅವಳ ಹೆಸರಿನಲ್ಲಿ ಕರ್ನಾಟಕ ಸರಕಾರವು ಸಾಧಕ ಮಹಿಳೆಯರಿಗೆ ಪ್ರಶಸ್ತಿಯನ್ನು ನೀಡುತ್ತಿದೆ. ಸಂತೋಷದ ವಿಷಯ. ಆದರೆ ಅವಳನ್ನು ಕಾಣಬೇಕಾದರೆ ಲಕ್ಕುಂಡಿಗೇ ಹೋಗಬೇಕು. ಗದಗಿನಿಂದ ಕೊಪ್ಪಳದ ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರು ಸಾಗಿದರೆ ಊರು ಸಿಗುತ್ತದೆ. ದೊಡ್ಡಬಸದಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ, ಬ್ರಹ್ಮಜಿನಾಲಯವೆಂಬುದೂ ಅದರದೇ ಹೆಸರು. ಬಾದಾಮಿ ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ಇದು ನಯವಾದ ಬಳಪದ ಕಲ್ಲಿನದು, ಆ ಕಲ್ಲಿನಲ್ಲಿ ಈ ನಾಡಿನಲ್ಲಿ ಎದ್ದ ಮೊದಮೊದಲಿನ ಗುಡಿಗಳಲ್ಲೊಂದು. ಮುಂದೆ ಹೊಯ್ಸಳರ ಶಿಲ್ಪಿಗಳು ಹಳೇಬೀಡು ಬೇಲೂರುಗಳಲ್ಲಿ ಬಳಸಿದ್ದೂ ಇಂತಹದೇ ಕಲ್ಲನ್ನು. ನವರಂಗದಲ್ಲಿ ನಾಲ್ಕು ಮುಖದ ಬ್ರಹ್ಮನ ಮೂರ್ತಿಯೂ ಪದ್ಮಾವತಿಯ ಮೂರ್ತಿಯೂ ಇವೆ. ಶಾಲೆಯ ಮಕ್ಕಳನ್ನು ನಾನು ಕರೆದೊಯ್ದಾಗಲೆಲ್ಲ ಅವರು ಕಟ್ಟಿಸಿದವಳ ಮೂರ್ತಿ ಎಲ್ಲಿದೆಯೆಂದು ಹುಡುಕುತ್ತಿದ್ದರು.

ರನ್ನನಿಗೆ ಒಬ್ಬ ಮಗ, ಒಬ್ಬ ಮಗಳು. ತನಗೆ ಮೊದಲು ಆಶ್ರಯವಿತ್ತ ಚಾವುಂಡರಾಯನ ನೆನಪಿಗೆ ಮಗನನ್ನು ರಾಯನೆಂದು ಕರೆದನು. ಮಗಳಿಗೆ ಹೆಸರಿಡುವ ದಿನ, ಚಕ್ರವರ್ತಿಯ ಆಸ್ಥಾನದಲ್ಲಿದ್ದ ಆ ಕವಿಗೆ ಎಷ್ಟೋ ರಾಣಿಯರ, ರಾಜಕುಮಾರಿಯರ ಹೆಸರುಗಳು ಗೊತ್ತಿದ್ದವು. ಅವನು ಮಗುವಿನ ಕಿವಿಯಲ್ಲಿ ಉಸುರಿದ ಹೆಸರು ಅತ್ತಿಮಬ್ಬೆ.